ಜೀಗುಜ್ಜೆಗೆ ಮರ್ಯಾದೆ ಬಂದದ್ದು

ನಮ್ಮ ದೇಶದಲ್ಲಿ ಯಾರ ಹೆಸರೂ ಇಡಿಯಾಗಿ ಉಳಿಯುವುದಿಲ್ಲ ಎನ್ನುವುದು ನನ್ನ ಬಹಳ ಹಳೆಯ ತಕರಾರು. ದೇಶದ ಹೆಸರೇ ಉಳಿದಿಲ್ಲವೆಂದ ಮೇಲೆ ನನ್ನದೇನು ಮಹಾ! ಟ್ರಿನಿಡಾಡ್ ಎಂಬ ಗಂಭೀರ ನಾಮಧೇಯದ ಬಾಲ ಕತ್ತರಿಸಿ 'ಟ್ರಿನಿ' ಮಾಡಿಕೊಂಡೆವು. ಇಲ್ಲಿ ಹುಟ್ಟಿದವನು ಟ್ರಿನಿ, ಅವನು ಆಡುವ ಮಾತು ಟ್ರಿನಿ, ಎರಡು ಗಂಟೆ ತಡವಾಗಿ ಬಂದು 'ಬಸ್ಸೇ ಸಿಗಲಿಲ್ಲ' ಎನ್ನುವ ಅವನ ಸುಳ್ಳೂ ಅಪ್ಪಟ ಟ್ರಿನಿ. (ಟೊಬೇಗೊ ದ್ವೀಪದವರು ತಾವು ಟ್ರಿನಿಗಳಲ್ಲ ಎಂದು ಜಗಳಕ್ಕೆ ಬರುತ್ತಾರೆ. ಬರಲಿ. ಹಡಗು ಹತ್ತಿ ಬರಬೇಕಲ್ಲ, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ.) ಹೀಗೆ ಇಡೀ ದೇಶವೇ ಒಂದು ಅಡ್ಡಹೆಸರಿನಲ್ಲಿ ಸುಖವಾಗಿ ಸಂಸಾರ ಮಾಡುತ್ತಿದೆ. ಸುಖವಿಲ್ಲದೆ ಇದ್ದವನು ನಾನೊಬ್ಬನೇ.

ನನ್ನ ಹೆಸರು ಎವರಾರ್ಡ್ ಥಿಯೋಫಿಲಸ್ ಗಿಟ್ಟನ್ಸ್. ಇನ್ನೊಂದು ಸಲ ಓದಿ, ಪರವಾಗಿಲ್ಲ. ಓದಿದಷ್ಟೂ ಅಂದ ಹೆಚ್ಚುವ ಹೆಸರು. ಜನನ ಮರಣ ನೋಂದಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದು, ಸಾವಿರಾರು ಜನರ ಪೂರ್ಣ ಹೆಸರುಗಳನ್ನು ಮುತ್ತಿನಂಥ ಅಕ್ಷರಗಳಲ್ಲಿ ಬರೆದು ನಿವೃತ್ತನಾದವನು ನಾನು. ಅಷ್ಟು ಹೆಸರುಗಳಲ್ಲಿ ನನ್ನ ಹೆಸರಿಗೆ ಸಮನಾದ ಇನ್ನೊಂದನ್ನು ನಾನು ಕಂಡಿಲ್ಲ. ಆದರೆ ನನ್ನ ಊರು ಟಬಾಕೀಟ್‌ನಲ್ಲಿ ಐವತ್ತೊಂದು ವರ್ಷಗಳಿಂದ ನನ್ನನ್ನು ಎಲ್ಲರೂ ಕರೆಯುವುದು 'ಜೀಗುಜ್ಜೆ' ಎಂದು.

ಕಾರಣ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ. ಏಳು ವರ್ಷದವನಿದ್ದಾಗ ಹೆಡ್‌ಮಾಸ್ತರರ ಹಿತ್ತಲಿನಲ್ಲಿ ಬಿದ್ದಿದ್ದ ಒಂದು ಜೀಗುಜ್ಜೆಯನ್ನು, ಅಂದರೆ ಹಲಸಿನ ಮರಿಯಂಥ ದುಂಡು ಕಾಯನ್ನು, ಅಂಗಿಯೊಳಗೆ ತುರುಕಿಕೊಂಡೆ. ಬಾಗಿಲಲ್ಲೇ ಅವರ ಹೆಂಡತಿ ಸಿಕ್ಕಿ 'ಏನೋ ಅದು ಹೊಟ್ಟೆ?' ಎಂದರು. 'ವಾಯು, ಮಿಸ್' ಎಂದೆ. ಆ ವಾಯು ಅದೇ ಕ್ಷಣಕ್ಕೆ ಅಂಗಿಯಿಂದ ಜಾರಿ, ಅವರ ಕಾಲಿನ ಮೇಲೆ ಬಿದ್ದು, ಉರುಳಿಕೊಂಡು ರಸ್ತೆಗೆ ಹೋಯಿತು. ಅಷ್ಟೇ. ಬೇರೆ ದೇಶದಲ್ಲಾದರೆ ಒಂದು ವಾರ ನಕ್ಕು ಮರೆಯುತ್ತಿದ್ದರು. ಇಲ್ಲಿ ಪಾದ್ರಿಯ ನೀರಿನಿಂದ ಆದ ನಾಮಕರಣ ರದ್ದಾಗಿ ಜೀಗುಜ್ಜೆಯದೇ ಖಾಯಂ ಆಯಿತು.

ಇದನ್ನೆಲ್ಲ ನಾನು ಸಹಿಸಿಕೊಂಡು ಬಂದವನೇ. ಆದರೆ ನಮ್ಮ ಒಬ್ಬಳೇ ಮಗಳು ಆವ್ರಿಲ್, ಟೌನ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು, ಒಂದು ಶುಕ್ರವಾರ ಮನೆಗೆ ಬಂದು ತಾನು ಲಿಂಡೆಲ್ ಎಂಬ ಹುಡುಗನನ್ನು ಮೆಚ್ಚಿದ್ದೇನೆಂದೂ, ಮುಂದಿನ ಭಾನುವಾರ ಅವನ ತಂದೆತಾಯಿ ನಮ್ಮನ್ನು ನೋಡಲು ಬರುತ್ತಾರೆಂದೂ ಹೇಳಿದಳು. ತಂದೆ ಅರೀಮಾದ ಹೊರೇಸ್ ಜೋಸೆಫ್, ಶಾಲಾ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅವರು ಒಪ್ಪಿದರೆ ಮಾತ್ರ ಮದುವೆ ಎಂದು ಹುಡುಗ ಹೇಳಿದ್ದಾನಂತೆ.

"ಅಪ್ಪಾ, ಅವರು ತುಂಬ ಗತ್ತಿನ ಮನುಷ್ಯ. ಏನೂ ಎಡವಟ್ಟು ಮಾಡಬೇಡ, ಪ್ಲೀಸ್," ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ನನ್ನ ಮಗಳು ಸುಲಭಕ್ಕೆ ಅಳುವವಳಲ್ಲ.

ಶಾಲಾ ಇನ್ಸ್‌ಪೆಕ್ಟರ್! ಅಂಥವರು ನಮ್ಮ ಅಂಗಳದಲ್ಲಿ ಕಾಲಿಡುವಾಗ ಬೇಲಿಯಾಚೆಯಿಂದ ಯಾರೋ 'ಏ ಜೀಗುಜ್ಜೆ' ಎಂದು ಕೂಗಿದರೆ ನನ್ನ ಮಗಳ ಗತಿಯೇನು? ನನ್ನ ತಲೆಯಲ್ಲಿ ಆಗಲೇ ಒಂದು ಉಪಾಯ ಹೊಳೆಯಿತು. (ನನ್ನ ಹೆಂಡತಿಯ ಪ್ರಕಾರ ನನ್ನ ತಲೆಯಲ್ಲಿ ಹೊಳೆದದ್ದೆಲ್ಲ ಅವಳ ತಲೆನೋವಾಗಿ ಮುಗಿಯುತ್ತದೆ. ಅದು ಅವಳ ಅಭಿಪ್ರಾಯ.)

ಅಡುಗೆಮನೆಗೆ ಹೋಗಿ, ಹಿಟ್ಟು ನಾದುತ್ತಿದ್ದ ಹೆಂಡತಿ ಯೂಡೋರಾಳ ಎದುರು ನಿಂತು, ಗಂಟಲು ಸರಿಮಾಡಿಕೊಂಡು ಸುಗ್ರೀವಾಜ್ಞೆ ಹೊರಡಿಸಿದೆ.

"ಡುಡು, ಇವತ್ತಿನಿಂದ ಈ ಮನೇಲಿ ಆ ಹೆಸರು ಕೇಳಿಸಬಾರದು." (ಡುಡು ಎಂದರೆ ನಮ್ಮಲ್ಲಿ ಚಿನ್ನ, ಮುದ್ದು ಎಂದು.)

"ಯಾವ ಹೆಸರು?"

"ಅದೇ."

"ಅದೇ ಅಂದ್ರೆ? ಜೀಗುಜ್ಜೆನಾ?"

"ನೋಡು! ಹೇಳಬೇಡ ಅಂದ ತಕ್ಷಣ ಹೇಳಿದೆ!"

"ನೀನು ಬಿಡಿಸಿ ಹೇಳದೆ ಒಗಟು ಹಾಕಿದ್ರೆ ನಾನೇನು ಮಾಡ್ಲಿ, ಜೀಗುಜ್ಜೆ?"

"ಎವರಾರ್ಡ್ ಅನ್ನು."

"ಅಯ್ಯೋ, ನಂಗೆ ನಗು ಬರುತ್ತೆ. ಯಾರೋ ಬೇರೆ ಗಂಡಸಿನ ಜೊತೆ ಇದ್ದ ಹಾಗನ್ಸುತ್ತೆ."

ನಾನು ಜೀಗುಜ್ಜೆ ಎಂಬ ತರಕಾರಿಯನ್ನೂ ಆ ವಾರದ ಅಡುಗೆಯಿಂದ ಬಹಿಷ್ಕರಿಸಿದೆ. ಯೂಡೋರಾ ಹಲ್ಲುಗಳ ನಡುವೆ ಗಾಳಿ ಎಳೆದು 'ತ್ಚೂ' ಎಂದು ಉದ್ದಕ್ಕೆ ಸದ್ದು ಮಾಡಿದಳು. ಟ್ರಿನಿ ಹೆಂಗಸರ ಈ ಸದ್ದಿಗೆ ಯಾವ ನಿಘಂಟಿನಲ್ಲೂ ಅರ್ಥವಿಲ್ಲ. ಉದ್ದ ನೋಡಿ ತಿಳಿದುಕೊಳ್ಳಬೇಕು. ಗೇಣುದ್ದವಾದರೆ 'ಹೋಗಲಿ ಬಿಡು' ಎಂದು. ಮೊಳದುದ್ದವಾದರೆ 'ನಿನ್ನ ಜೊತೆ ಮಾತಾಡಿ ಪ್ರಯೋಜನವಿಲ್ಲ' ಎಂದು. ಅವತ್ತಿನದು ಮಾರುದ್ದವಿತ್ತು. ಆದರೂ ನಾನು ಬಿಡಲಿಲ್ಲ. ಮಗಳ ಮೇಲೆ ಆಣೆ ಇಡಿಸಿ, ಬೈಬಲ್ಲಿನ ಮೇಲೆ ಕೈ ಇಡಿಸಿ, ಆ ಹೆಸರು ಇನ್ನು ಬಾಯಲ್ಲಿ ಬರುವುದಿಲ್ಲ ಎಂದು ಮಾತು ತೆಗೆದುಕೊಂಡೆ.

ಮನೆ ಗೆದ್ದ ಮೇಲೆ ಊರು ಗೆಲ್ಲಲು ಹೊರಟೆ. ಕೋಟು ಹಾಕಿಕೊಂಡೆ, ಟೈ ಕಟ್ಟಿಕೊಂಡೆ. ಮೊದಲು ಸಿಕ್ಕವಳು ಪಕ್ಕದ ಮನೆಯ ಟಾಂಟಿ ಮೆರ್ಲ್. ಟಾಂಟಿ ಎಂದರೆ ಚಿಕ್ಕಮ್ಮ. ಊರಿಗೆಲ್ಲ ಅವಳು ಚಿಕ್ಕಮ್ಮ. ಊರಿನ ಪ್ರತಿಯೊಂದು ಮನೆಯ ಸುದ್ದಿಯೂ ಆ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ನಾನು ಬಾಯಿ ತೆರೆಯುವ ಮೊದಲೇ, "ಅರೀಮಾದವರು ಬರ್ತಾರಂತಲ್ಲ, ಜೀಗುಜ್ಜೆ?" ಎಂದಳು.

ಆಮೇಲೆ ಕೂಡುರಸ್ತೆಯಲ್ಲಿ ಡಬಲ್ಸ್ ಎಂಬ ತಿಂಡಿ ಮಾರುವವನು, ಊರಿಗೆಲ್ಲ 'ಚಟ್ನಿ'. ಬಾರಾ ಎನ್ನುವ ಎರಡು ಮೆತ್ತನೆಯ ಪೂರಿಗಳ ಮಧ್ಯೆ ಬಿಸಿ ಕಡಲೆ ಸುರಿದು, ಕಾಗದದಲ್ಲಿ ಸುತ್ತಿ ಕೊಡುವ ಇವನ ಕೈಚಳಕಕ್ಕೆ ಇಡೀ ಊರು ಸೋತಿದೆ. ಆಮೇಲೆ ರಮ್ ಅಂಗಡಿಯ ಬೆಂಚಿನ ಖಾಯಂ ಅಧ್ಯಕ್ಷ, ದರ್ಜಿ 'ಹನ್ನೆರಡಕ್ಕೆ ಐದು'. ಅವನು ಟೋಪಿಯನ್ನು ಗಡಿಯಾರದ ಮುಳ್ಳಿನಂತೆ ಒಂದು ಕಡೆಗೆ ವಾಲಿಸಿ ಹಾಕುವುದರಿಂದ ಆ ಹೆಸರು. ನಾನು ರಿಜಿಸ್ಟರಿನ ನೆನಪಿನಿಂದ, "ಲೂಷಿಯಸ್ ಬ್ಯಾಪ್ಟಿಸ್ಟ್ ಅವರೇ," ಎಂದೆ. ಅವನು ಹಿಂದೆ ತಿರುಗಿ ಯಾರಿದ್ದಾರೆಂದು ನೋಡಿದ.

ಅಂಗಡಿಯಲ್ಲಿ ಎಲ್ಲರೂ ಸೇರಿದ್ದಾಗ ನಾನು ಭಾಷಣ ಮಾಡಿದೆ. "ಬಂಧುಗಳೇ, ನನಗೆ ದೇವರು ಕೊಟ್ಟ ಒಂದು ಹೆಸರಿದೆ. ಬರೋ ಬೀಗರು ದೊಡ್ಡ ಜನ. ನನ್ನ ಮಗಳ ಬಾಳಿನ ಪ್ರಶ್ನೆ. ಇವತ್ತಿನಿಂದ ನನ್ನನ್ನ ಪೂರ್ತಿ ಹೆಸರು ಹಿಡಿದು ಕರೆಯಬೇಕು. ಆ ಇನ್ನೊಂದು ಹೆಸರು ಯಾರ ಬಾಯಲ್ಲೂ ಬರಬಾರದು. ಯಾರು ಕೇಳಿದ್ರೂ, ಅಂಥದ್ದೊಂದು ಹೆಸರೇ ಗೊತ್ತಿಲ್ಲ ಅನ್ನಬೇಕು."

ಅಂಗಡಿಯಲ್ಲಿದ್ದವರೆಲ್ಲ ಗ್ಲಾಸು ಕೆಳಗಿಟ್ಟರು. ಆಮೇಲೆ ಹನ್ನೆರಡಕ್ಕೆ ಐದು ತನ್ನ ಟೋಪಿಯನ್ನು ತೆಗೆದು ಎದೆಗೆ ಒತ್ತಿಕೊಂಡ.

"ಸರಿಯಾದ ಮಾತು," ಎಂದ. "ಇಷ್ಟು ವರ್ಷ ನಾವು ತಪ್ಪು ಮಾಡಿದ್ವಿ."

"ತುಂಬ ತಪ್ಪು," ಎಂದ ಚಟ್ನಿ. "ಇನ್ನು ಮೇಲೆ ಆ ಹೆಸರೆತ್ತಿದ್ರೆ ನನ್ನ ನಾಲಿಗೆ ಮೇಲೆ ಮೆಣಸಿನಕಾಯಿ ಇಡಿ, ಮಿಸ್ಟರ್ ಎವರಾರ್ಡ್ ಥಿಯೋಫಿಲಸ್ ಗಿಟ್ಟನ್ಸ್ ಸರ್."

ಟ್ರಿನಿಗಳು ಒಂದು ಮಾತನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡರೆಂದರೆ ಬುದ್ಧಿವಂತನಾದವನು ಬೆವರಬೇಕು. ನಾನು ಬೆವರಲಿಲ್ಲ. ನನ್ನ ವಾಕ್ಚಾತುರ್ಯವೇ ಅಷ್ಟು ಎಂದುಕೊಂಡು, ಎಲ್ಲರಿಗೂ ಒಂದೊಂದು ಗ್ಲಾಸು ಹೇಳಿ, ಎದೆಯುಬ್ಬಿಸಿ ಮನೆಗೆ ಬಂದೆ.

ಭಾನುವಾರ ಬಂತು. ಯೂಡೋರಾ ಬೆಳಗಿನಿಂದ ಒಲೆಯ ಮುಂದೆಯೇ ಇದ್ದಳು. ತೆಂಗಿನ ಹಾಲು ಹಾಕಿದ ಕಲಾಲೂ ಸೊಪ್ಪು, ಮ್ಯಾಕರೋನಿ ಪೈ, ಸಕ್ಕರೆ ಸುಟ್ಟು ಕೆಂಪಗೆ ಬೇಯಿಸಿದ ಕೋಳಿ, ಹೊಸ ಪರದೆಗಳು, ಹೊಸ ಮೇಜುಬಟ್ಟೆ. ಹನ್ನೊಂದಕ್ಕೆ ಬರುವವರು ಒಂದು ಗಂಟೆಗೆ ಬಂದರು. ಅಂದರೆ ಸಮಯಕ್ಕೆ ಸರಿಯಾಗಿ ಬಂದರು.

ಅವರ ಕಾರಿನ ಮುಂದೆ ನಡೆದುಕೊಂಡು ಬರುತ್ತಿದ್ದವನು ಚಟ್ನಿ! ಬಿಳಿ ಅಂಗಿ ಹಾಕಿದ್ದಾನೆ, ತಲೆಗೆ ಎಣ್ಣೆ ಹಚ್ಚಿದ್ದಾನೆ. ಗೇಟಿನ ಬಳಿ ನಿಂತು, ಸೊಂಟ ಬಗ್ಗಿಸಿ, "ಇದೇ ಶ್ರೀಮಾನ್ ಎವರಾರ್ಡ್ ಥಿಯೋಫಿಲಸ್ ಗಿಟ್ಟನ್ಸ್ ಸಾಹೇಬರ ಭವನ. ತಾವು ದಯಮಾಡಿಸಬೇಕು," ಎಂದ. ನಮ್ಮದು ಎರಡು ಕೋಣೆ, ಒಂದು ಜಗಲಿ. ಆದರೂ ಭವನ ಎಂಬ ಮಾತು ನನ್ನ ಕಿವಿಗೆ ಜೇನಿನಂತೆ ಇಳಿಯಿತು.

ಹೊರೇಸ್ ಜೋಸೆಫ್ ಕಾರಿನಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ಏಕೆಂದರೆ ಇಳಿಯುವ ಸಾಮಾನು ಬಹಳವಿತ್ತು. ಬಾಗಿಲಿನ ಅಗಲದ ಮನುಷ್ಯ. ಹಿಂದೆ ಅವರ ಹೆಂಡತಿ ಮಿಸೆಸ್ ಜೋಸೆಫ್, ಅವರ ಹಿಂದೆ ಲಿಂಡೆಲ್. ಹುಡುಗ ಒಳ್ಳೆಯವನು, ಬಂದವನೇ ಆವ್ರಿಲ್‌ಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಬೇಲಿಯಾಚೆಯಿಂದ ಟಾಂಟಿ ಮೆರ್ಲ್, ಚರ್ಚಿಗೆ ಹೋಗುವ ಹ್ಯಾಟು ಹಾಕಿಕೊಂಡು, "ನಮಸ್ಕಾರ, ಮಿಸ್ಟರ್ ಎವರಾರ್ಡ್ ಥಿಯೋಫಿಲಸ್ ಗಿಟ್ಟನ್ಸ್ ಸರ್. ತಮ್ಮ ಆರೋಗ್ಯ ಹೇಗಿದೆ?" ಎಂದಳು. ನಾನು ರಾಜಠೀವಿಯಿಂದ ತಲೆಯಾಡಿಸಿದೆ.

ಊಟಕ್ಕೆ ಕುಳಿತೆವು. ನಾನು ನೋಂದಣಿ ಕಚೇರಿಯ ಇತಿಹಾಸವನ್ನು ಆರಂಭದಿಂದ ಹೇಳಿದೆ. ಹೊರೇಸ್ ಜೋಸೆಫ್ ಎರಡನೆಯ ಸಲ ಪೈ ಹಾಕಿಸಿಕೊಂಡು, ಒರಗಿ ಕುಳಿತು, ಮೊದಲ ಬಾರಿ ನಕ್ಕರು.

"ಆಯ್ತು, ಕಚೇರಿ ಸಾಕು," ಎಂದರು. "ಊರಲ್ಲಿ ನಿಮ್ಮನ್ನ ಏನಂತ ಕರೀತಾರೆ?"

"ಮಿಸ್ಟರ್ ಗಿಟ್ಟನ್ಸ್ ಅಂತ."

"ಅದು ಪೋಸ್ಟ್‌ಮ್ಯಾನ್ ಕರೆಯೋದು. ಜನ ಏನಂತಾರೆ?"

"ಎವರಾರ್ಡ್ ಥಿಯೋಫಿಲಸ್ ಗಿಟ್ಟನ್ಸ್," ಎಂದೆ, ಹೆಮ್ಮೆಯಿಂದ.

"ಅಡ್ಡಹೆಸರು ಇಲ್ವಾ?"

"ಇಲ್ಲವೇ ಇಲ್ಲ. ನಮ್ಮ ಮನೆತನದಲ್ಲಿ ಅಂಥ ಪದ್ಧತಿ ಇಲ್ಲ."

ಹೊರೇಸ್ ಜೋಸೆಫ್ ಕೈಯಲ್ಲಿದ್ದ ಫೋರ್ಕನ್ನು ತಟ್ಟೆಯಲ್ಲಿ ಇಟ್ಟರು. ಅವರ ಹೆಂಡತಿಯೂ ಇಟ್ಟರು. ನನ್ನ ಹೆಂಡತಿ ನನ್ನನ್ನು ನೋಡಿದಳು. ಅಂಥ ನೋಟವನ್ನು ನಾನು ಇದಕ್ಕೆ ಮೊದಲು ಒಮ್ಮೆ ಮಾತ್ರ ಕಂಡಿದ್ದೆ. ಅವಳ ಹೊಲಿಗೆ ಮಿಷನ್ನನ್ನು ರಿಪೇರಿ ಮಾಡುತ್ತೇನೆಂದು ನಾನು ಬಿಚ್ಚಿಹಾಕಿದ ದಿನ.

"ನೋಡಿ ಮಿಸ್ಟರ್ ಗಿಟ್ಟನ್ಸ್," ಎಂದರು ಹೊರೇಸ್ ಜೋಸೆಫ್ ನಿಧಾನವಾಗಿ. "ನನ್ನ ತೂಕ ನೋಡಿದ್ರಲ್ಲ? ಅರೀಮಾದಲ್ಲಿ ನನ್ನನ್ನ 'ಸೂಜಿ' ಅಂತಾರೆ. ಬಿಷಪ್ಪರೂ ಸೂಜಿ ಅಂತಲೇ ಕರೆಯೋದು. ನಾನು ಇನ್ಸ್‌ಪೆಕ್ಟರಾಗಿ ಈ ದ್ವೀಪದ ಮೂಲೆಮೂಲೆ ಸುತ್ತಿದೀನಿ. ಅಡ್ಡಹೆಸರಿಲ್ಲದ ಟ್ರಿನಿಗಳನ್ನ ಕಂಡಿದ್ದು ಇಬ್ಬರನ್ನೇ. ಒಬ್ಬ ಪೊಲೀಸರಿಗೆ ಚಾಡಿ ಹೇಳ್ತಿದ್ದೋನು. ಇನ್ನೊಬ್ಬ ಬೇರೆ ಊರಲ್ಲಿ ಹೆಂಡತಿ ಮಕ್ಕಳನ್ನ ಬಿಟ್ಟು ಓಡಿ ಬಂದಿದ್ದೋನು. ಐವತ್ತೆಂಟು ವರ್ಷ ಒಂದೇ ಊರಲ್ಲಿದ್ದೂ, ಒಬ್ಬರಿಗೂ ನಿಮಗೊಂದು ಹೆಸರಿಡೋ ಮನಸ್ಸು ಬಂದಿಲ್ಲ ಅಂದ್ರೆ, ಯಾರೂ ನಿಮ್ಮನ್ನ ಹತ್ತಿರ ಸೇರಿಸಿಲ್ಲ ಅಂತ ತಾನೇ ಅರ್ಥ? ಕಾರಣ ಇಲ್ಲದೆ ಜನ ಹಾಗೆ ಮಾಡಲ್ಲ."

"ಮಗಳ ಬಗ್ಗೆ ನಾವೇನೂ ಅನ್ನಲ್ಲ," ಎಂದರು ಮಿಸೆಸ್ ಜೋಸೆಫ್, ಕೈಚೀಲ ಎತ್ತಿಕೊಳ್ಳುತ್ತ. "ಊಟ ತುಂಬ ಚೆನ್ನಾಗಿತ್ತು. ಆದ್ರೆ ಮದುವೆ ವಿಷಯ ನಾವು ಯೋಚನೆ ಮಾಡ್ಬೇಕು."

ಆವ್ರಿಲ್ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಸತ್ಯ ಹೇಳುತ್ತೇನೆ, ಯಾವ ಹೆಸರೂ ಬೇಡ, ಮರ್ಯಾದೆಯೂ ಬೇಡ, ಮಗಳು ನಗುತ್ತ ಹೊರಗೆ ಬಂದರೆ ಸಾಕು ಎನಿಸಿತು.

"ಇದೆ!" ಎಂದು ಕೂಗಿದೆ. "ಹೆಸರಿದೆ! ಜೀಗುಜ್ಜೆ! ನಾನು ಜೀಗುಜ್ಜೆ! ಹೆಡ್‌ಮಾಸ್ತರರ ಹಿತ್ತಲಲ್ಲಿ ಕದ್ದಿದ್ದೆ!"

"ಕದ್ದಿದ್ರಾ?" ಎಂದರು ಮಿಸೆಸ್ ಜೋಸೆಫ್.

"ಈಗ ಅವಸರಕ್ಕೆ ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳಬಹುದು," ಎಂದರು ಹೊರೇಸ್ ಜೋಸೆಫ್. "ತನ್ನ ಅಡ್ಡಹೆಸರನ್ನ ತಾನೇ ಹೇಳ್ಕೊಂಡ್ರೆ ಆಗಲ್ಲ. ಬೇರೆಯವರು ಕರೀಬೇಕು."

"ಡುಡು, ಹೇಳೇ!" ಎಂದೆ ಹೆಂಡತಿಗೆ.

ಯೂಡೋರಾ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸೂರು ನೋಡಿದಳು. "ನಾನು ಬೈಬಲ್ ಮುಟ್ಟಿ ಮಾತು ಕೊಟ್ಟಿದೀನಿ. ಮಗಳ ಮೇಲೆ ಆಣೆ ಬೇರೆ. ನನ್ನ ಬಾಯಿಂದ ಬರಲ್ಲ, ಎವರಾರ್ಡ್."

"ಹಾಗಾದ್ರೆ ಊರಿದೆ! ಬನ್ನಿ ಸರ್ ನನ್ನ ಜೊತೆ. ಒಂದೇ ನಿಮಿಷ. ಊರಿನ ಯಾರನ್ನ ಬೇಕಾದ್ರೂ ಕೇಳಿ," ಎಂದು ಹೊರೇಸ್ ಜೋಸೆಫರ ತೋಳು ಹಿಡಿದು ಎಬ್ಬಿಸಿದೆ. (ಎಬ್ಬಿಸಲು ಲಿಂಡೆಲ್ ಸಹಾಯ ಮಾಡಿದ. ಹುಡುಗ ಒಳ್ಳೆಯವನು ಎಂದು ಆಗಲೇ ಹೇಳಿದೆ.)

ಬೇಲಿಯ ಬಳಿ ಟಾಂಟಿ ಮೆರ್ಲ್ ಇದ್ದೇ ಇದ್ದಳು. ಅವಳು ಬೆಳಗಿನಿಂದ ಅಲ್ಲಿಂದ ಕದಲಿರಲಿಲ್ಲ.

"ಟಾಂಟಿ, ಇವರಿಗೆ ನನ್ನ ಹೆಸರು ಹೇಳು."

"ಶ್ರೀಮಾನ್ ಎವರಾರ್ಡ್ ಥಿಯೋಫಿಲಸ್..."

"ಅದಲ್ಲ! ಇನ್ನೊಂದು! ಜೀಗುಜ್ಜೆ!"

ಟಾಂಟಿ ಮೆರ್ಲ್ ಹ್ಯಾಟಿನ ಅಂಚು ಸರಿಮಾಡಿಕೊಂಡಳು. "ಜೀಗುಜ್ಜೆನಾ? ನಮ್ಮ ಊರಲ್ಲಿ ಜೀಗುಜ್ಜೆ ಮರದಲ್ಲಿ ಬಿಡುತ್ತೆ, ಸರ್. ತಮ್ಮಂಥ ದೊಡ್ಡವರಿಗೆ ನಾವು ಹಾಗೆ ಅಂತೀವಾ? ತಮಗೆ ಬಿಸಿಲು ಹೊಡೆದ ಹಾಗಿದೆ. ಒಳಗೆ ಹೋಗಿ ಮಲಕ್ಕೊಳ್ಳಿ."

ಕೂಡುರಸ್ತೆಗೆ ಓಡಿದೆ. ಹೊರೇಸ್ ಜೋಸೆಫ್ ಹಿಂದೆ ಏದುಸಿರು ಬಿಡುತ್ತ ಬಂದರು. ಚಟ್ನಿ ತನ್ನ ಗಾಡಿಯ ಹಿಂದೆ ಅಟೆನ್ಷನ್ ನಿಂತ.

"ಚಟ್ನಿ, ನಿನ್ನ ಕಾಲು ಹಿಡೀತೀನಿ. ದಿನಾ ಬೆಳಿಗ್ಗೆ ನನ್ನನ್ನ ಕಂಡ ಕೂಡಲೇ ಏನಂತ ಕೂಗ್ತೀಯ?"

"'ಸುಪ್ರಭಾತ, ಸಾಹೇಬರೇ' ಅಂತ ಕೂಗ್ತೀನಿ."

"ಸುಳ್ಳು! 'ಏ ಜೀಗುಜ್ಜೆ, ಖಾರ ಹಾಕ್ಲಾ?' ಅಂತೀಯ!"

"ನನ್ನ ತಾಯಾಣೆ ಇಲ್ಲ ಸರ್. ತಮಗೆ ಖಾರ ಹಾಕೋ ಧೈರ್ಯ ನನಗೆಲ್ಲಿದೆ?" ಎಂದು ಕಣ್ಣು ಮಿಟುಕಿಸದೆ ನಿಂತ.

ರಮ್ ಅಂಗಡಿಯೊಳಗೆ ನಾನು ಕಾಲಿಟ್ಟ ಕೂಡಲೇ ಬೆಂಚುಗಳು ಕಿರುಗುಟ್ಟಿದವು. ಅಲ್ಲಿದ್ದ ಹದಿನೈದು ಜನವೂ ಎದ್ದು ನಿಂತರು. ಟೋಪಿಗಳು ತಲೆಯಿಂದ ಇಳಿದವು. ಡಾಮಿನೊ ಆಟ ಅರ್ಧಕ್ಕೆ ನಿಂತಿತು. ನಮ್ಮ ಊರಿನಲ್ಲಿ ಹೆಣ ಹೋಗುವಾಗಲೂ ಆ ಆಟ ನಿಲ್ಲುವುದಿಲ್ಲ.

"ಸಭೆಗೆ ಬಂದಿದ್ದಾರೆ ಶ್ರೀಮಾನ್ ಎವರಾರ್ಡ್ ಥಿಯೋಫಿಲಸ್ ಗಿಟ್ಟನ್ಸ್ ಸಾಹೇಬರು!" ಎಂದು ಹನ್ನೆರಡಕ್ಕೆ ಐದು ಘೋಷಿಸಿದ. "ಒಂದು ಕುರ್ಚಿ ಒರೆಸ್ರಪ್ಪ!"

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಟೈ ಕಿತ್ತು ಮೇಜಿನ ಮೇಲೆ ಬಿಸಾಕಿದೆ. ಮೂವತ್ತೊಂದು ವರ್ಷದ ಕಚೇರಿಯ ಮಾತು ಎಲ್ಲಿ ಹೋಯಿತೋ, ನನ್ನ ಅಮ್ಮ ಕಲಿಸಿದ ಮಾತೇ ಬಾಯಿಗೆ ಬಂತು.

"ಲೇ, ಕತ್ತೆ ಮುಂಡೇವಾ! ಐವತ್ತೊಂದು ವರ್ಷ ರಸ್ತೇಲಿ, ಚರ್ಚಲ್ಲಿ, ನಮ್ಮಪ್ಪನ ಮಣ್ಣಿನ ದಿನಾನೂ ಜೀಗುಜ್ಜೆ ಜೀಗುಜ್ಜೆ ಅಂತ ನನ್ನ ಪ್ರಾಣ ತಿಂದ್ರಿ! ಇವತ್ತೊಂದಿನ ಬೇಕು ಅಂದ್ರೆ ನಿಮ್ಮ ಬಾಯಿಗೆ ಬೀಗ ಬಿತ್ತಾ? ನನ್ನ ಮಗಳು ಮನೇಲಿ ಅಳ್ತಾ ಕೂತಿದಾಳೆ! ಒಬ್ಬ, ಒಬ್ಬನಾದ್ರೂ ನನ್ನನ್ನ ಬಾಯ್ತುಂಬ ಕರೀರೋ!"

ಹನ್ನೆರಡಕ್ಕೆ ಐದು ನಿಟ್ಟುಸಿರು ಬಿಟ್ಟ. "ಸರ್, ತಾವೇ ಅಪ್ಪಣೆ ಕೊಡಿಸಿದ್ರಿ. ಯಾರು ಕೇಳಿದ್ರೂ ಗೊತ್ತಿಲ್ಲ ಅನ್ನಿ ಅಂತ. ತಮ್ಮ ಗ್ಲಾಸಲ್ಲಿ ಕುಡಿದು ಮಾತಿಗೆ ತಪ್ಪೋಕಾಗುತ್ತಾ? ತಮ್ಮಂಥ ಘನವಂತರಿಗೆ..." ಎನ್ನುವಾಗ ಅವನ ಗಂಟಲು ಗದ್ಗದವಾಯಿತು. ಹಿಂದೆ ಯಾರೋ ಕಣ್ಣೊರೆಸಿಕೊಂಡರು. ಇನ್ಯಾರೋ ಕೌಂಟರಿನ ಕೆಳಗೆ ಏನೋ ಹುಡುಕುವವರಂತೆ ಕುಳಿತು, ಅಲ್ಲೇ ಬಹಳ ಹೊತ್ತು ಅಲುಗಾಡುತ್ತ ಉಳಿದರು.

ನಾನು ಬೆಂಚಿನ ಮೇಲೆ ಕುಸಿದು ಕುಳಿತೆ. ಮದುವೆ ಮುರಿಯಿತು ಎಂದುಕೊಂಡೆ. ಆಗ ಹಿಂದಿನಿಂದ ಗುಡುಗಿನಂಥ ಸದ್ದು ಬಂತು. ಹೊರೇಸ್ ಜೋಸೆಫ್ ನಗುತ್ತಿದ್ದರು. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಅಯ್ಯೋ ದೇವರೇ, ಸಾಕ್ರೋ, ಸಾಕು!" ಎಂದರು. "ಗೇಟಲ್ಲಿ ಆ ಡಬಲ್ಸಿನವನು ಭವನ ಅಂದಾಗ್ಲೇ ನನಗೆ ಅನುಮಾನ ಬರ್ಬೇಕಿತ್ತು. ಟ್ರಿನಿ ಆದವನು ಯಾರಿಗಾದ್ರೂ ಇಷ್ಟು ಮರ್ಯಾದೆ ಕೊಡ್ತಾನಾ? ನನಗೆ ವಯಸ್ಸಾಯ್ತು, ಕಿವಿ ಮಂದವಾಯ್ತು. ಬೀಗರೇ, ಇಡೀ ಊರು ಒಂದು ವಾರ ಟೋಪಿ ಕೈಲಿ ಹಿಡ್ಕೊಂಡು ನಿಮ್ಮನ್ನ ಗೋಳು ಹುಯ್ಕೊಂಡಿದೆ! ಬೇಡದವನಿಗೆ ಯಾರೂ ಇಷ್ಟು ಕಷ್ಟ ಪಡಲ್ಲ. ಅರೀಮಾದಲ್ಲಿ ನನಗೂ ಇಷ್ಟು ಪ್ರೀತಿ ತೋರಿಸಿಲ್ಲ."

ಬೀಗರೇ ಎಂದರು! ನನಗೆ ಕೇಳಿಸಿದ್ದು ಅದೊಂದೇ ಮಾತು. ನಾನು ಎದ್ದು ಅವರನ್ನು ತಬ್ಬಿಕೊಳ್ಳಲು ಹೋದೆ. ಕೈ ಸುತ್ತಲೂ ಸಾಲದೆ ಎಡಗಡೆಯ ಅರ್ಧ ಭಾಗವನ್ನು ಮಾತ್ರ ತಬ್ಬಿಕೊಂಡೆ. ಅಂಗಡಿಯಲ್ಲಿ ಅಷ್ಟು ಹೊತ್ತು ಹಿಡಿದಿಟ್ಟಿದ್ದ ನಗು ಒಮ್ಮೆಲೇ ಸಿಡಿದು, ಕೌಂಟರಿನ ಕೆಳಗಿದ್ದವರೂ ಎದ್ದು ಬಂದರು.

ಅವತ್ತು ಸಂಜೆ ನಮ್ಮ ಅಂಗಳದಲ್ಲಿ ಇಡೀ ಊರು ಸೇರಿತ್ತು. ಆವ್ರಿಲ್ ಹೊರಗೆ ಬಂದು, ನನ್ನ ಕೆನ್ನೆಗೆ ಮುತ್ತಿಟ್ಟು, "ಅಪ್ಪಾ, ನೀನು ದೊಡ್ಡ ಪೆದ್ದ," ಎಂದಳು. ಅಷ್ಟು ಸಂತೋಷ ನನಗೆ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ. ಟಾಂಟಿ ಮೆರ್ಲ್ ಹಿಂದಿನ ರಾತ್ರಿಯೇ ಮಾಡಿಟ್ಟಿದ್ದ ಒಂದು ದೊಡ್ಡ ಪಾತ್ರೆಯನ್ನು ಬೇಲಿಯ ಮೇಲಿನಿಂದ ದಾಟಿಸಿದಳು. ತೆಂಗಿನ ಹಾಲಿನಲ್ಲಿ ಇಂಗಿಸಿ ಬೇಯಿಸಿದ ಜೀಗುಜ್ಜೆ. ಲಿಂಡೆಲ್ ಅದನ್ನು ಬಾಯಿಗಿಟ್ಟವನು ಮತ್ತೆ ತಲೆಯೆತ್ತಲಿಲ್ಲ. ನಾಲ್ಕು ಸಲ ಹಾಕಿಸಿಕೊಂಡ. ಪಾತ್ರೆಯ ತಳ ಕೆರೆಯುವಾಗ ಹನ್ನೆರಡಕ್ಕೆ ಐದು ಅವನನ್ನೇ ದಿಟ್ಟಿಸಿ ನೋಡುತ್ತಿದ್ದ. ನಾನದನ್ನು ಗಮನಿಸಲಿಲ್ಲ, ಬೀಗರಿಗೆ ನೋಂದಣಿ ಕಚೇರಿಯ ಇತಿಹಾಸದ ಎರಡನೆಯ ಭಾಗ ಹೇಳುತ್ತಿದ್ದೆ.

ಎಲ್ಲ ಸುಸೂತ್ರವಾಯಿತು ಎಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡೆ. ಮಾರನೆಯ ಬೆಳಿಗ್ಗೆ ಚಟ್ನಿಯ ಗಾಡಿಯ ಬಳಿ ಹೋಗಿ, "ಆಯ್ತಪ್ಪ, ಇನ್ನು ಹಳೇ ಹೆಸರಲ್ಲೇ ಕರೀರಿ," ಎಂದೆ. ಅವನು ಟೋಪಿ ತೆಗೆದು, "ಆಗಲಿ, ಮಿಸ್ಟರ್ ಎವರಾರ್ಡ್ ಥಿಯೋಫಿಲಸ್ ಗಿಟ್ಟನ್ಸ್ ಸರ್," ಎಂದ. ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮೂರು ವಾರ ಚರ್ಚಿನಲ್ಲಿ ಮದುವೆಯ ಘೋಷಣೆ ಓದುವಾಗ, ಪಾದ್ರಿಗಳು 'ಎವರಾರ್ಡ್ ಥಿಯೋಫಿಲಸ್ ಗಿಟ್ಟನ್ಸ್ ಅವರ ಪುತ್ರಿ' ಎಂಬಲ್ಲಿಗೆ ಬಂದ ಕೂಡಲೇ ಜನ ಬೆಂಚಿನಡಿಗೆ ಜಾರಿದರು. ಮೂರನೆಯ ವಾರ ಪಾದ್ರಿಗಳೇ ಜಾರಿದರು. ಮಕ್ಕಳು ಹಗ್ಗದಾಟ ಆಡುವಾಗ ಒಂದೊಂದು ಹಾರಿಗೆ ನನ್ನ ಹೆಸರಿನ ಒಂದೊಂದು ತುಂಡು ಹೇಳುತ್ತಾರೆ. ನನ್ನ ಹೆಸರಿನ ಅಂದ ನೋಡಿ, ಹಾರಲು ಅಷ್ಟು ಹೊಂದುತ್ತದೆ.

ನಾನು ಎದೆಗುಂದುವವನಲ್ಲ. ಸ್ವಲ್ಪ ದಿನ ಹೋದರೆ ಹಳೆಯ ಹೆಸರು ತಾನಾಗಿ ಬರುತ್ತದೆ ಎಂದು ಧೈರ್ಯವಾಗಿದ್ದೆ. ಮದುವೆ ಆಯಿತು. ಮಗಳು ಅಳಿಯ ಮೊದಲ ಸಲ ನಮ್ಮಲ್ಲಿ ಉಳಿಯಲು ಬಂದ ಶನಿವಾರ ಬೆಳಿಗ್ಗೆ, ನಾನು ಜಗಲಿಯಲ್ಲಿ ಪೇಪರ್ ಓದುತ್ತ ಕುಳಿತಿದ್ದೆ. ಗೇಟಿನಿಂದ ಹನ್ನೆರಡಕ್ಕೆ ಐದರ ಗಟ್ಟಿ ದನಿ ಕೇಳಿಸಿತು.

"ಏ ಜೀಗುಜ್ಜೆ! ಬಾರೋ, ಹೊಳೆಗೆ ಹೋಗೋಣ!"

ಆಹಾ, ಆ ದನಿ! ಎಷ್ಟು ತಿಂಗಳಾಗಿತ್ತು ಕೇಳಿ! ಪೇಪರ್ ಎಸೆದು, ಚಪ್ಪಲಿಯನ್ನೂ ಹಾಕಿಕೊಳ್ಳದೆ, "ಬಂದೆ, ಬಂದೆ ಕಣೋ!" ಎಂದು ಗೇಟಿಗೆ ಓಡಿದೆ. ಹನ್ನೆರಡಕ್ಕೆ ಐದು ನನ್ನನ್ನು ಕಂಡ ಕೂಡಲೇ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಕ್ಷಮಿಸಬೇಕು, ಸಾಹೇಬರೇ," ಎಂದ. "ತಮ್ಮನ್ನಲ್ಲ. ತಮ್ಮ ಅಳಿಯನ್ನ ಕರೆದಿದ್ದು."

ಹಿಂದಿನಿಂದ ಲಿಂಡೆಲ್ ಟವೆಲ್ ಹೆಗಲ ಮೇಲೆ ಹಾಕಿಕೊಂಡು, "ಬಂದೆ!" ಎಂದು ನನ್ನನ್ನು ದಾಟಿಕೊಂಡು ಹೋದ.